ಒಡೆದ ಕೈಗೆ ಮುಲಾಮಿಗಿಂತ ಮೊದಲು ಬೇಕಾದದ್ದು

ಮುಂಬಯಿಯ ಗಾಳಿಯಲ್ಲಿ ವರ್ಷದ ಹೆಚ್ಚಿನ ದಿನ ತೇವವಿರುವುದರಿಂದ, ಇಲ್ಲಿ ಕೈ ಒಣಗಿ ಒಡೆಯುತ್ತದೆ ಎಂದರೆ ಊರಿನ ಕಡೆಯವರು ನಂಬುವುದಿಲ್ಲ. ವಿಜಯಪುರ, ಕಲಬುರಗಿಯ ಚಳಿಗಾಲದ ಒಣಗಾಳಿಗೆ ತುಟಿ ಬಿರಿಯುವುದನ್ನೂ ಹಿಮ್ಮಡಿ ಸೀಳುವುದನ್ನೂ ಕಂಡವರಿಗೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಜುಲೈ ತಿಂಗಳ ಡೊಂಬಿವಲಿಯಲ್ಲಿ ಮನುಷ್ಯರ ಕೈ ಮಾತ್ರ ಒಣಗುತ್ತದೆ ಎಂಬುದು ವಿಚಿತ್ರವಾಗಿ ಕಾಣುವುದು ಸಹಜವೇ. ಆದರೆ ಇಲ್ಲಿ ಕೈಯನ್ನು ಒಣಗಿಸುವುದು ಗಾಳಿಯಲ್ಲ, ನೀರು ಮತ್ತು ಸಾಬೂನು. ದಿನಕ್ಕೆ ಹಲವು ಸಲ ಕೈ ತೊಳೆಯಲೇಬೇಕಾದವರು, ಅಂದರೆ ದಾದಿಯರು, ಹೋಟೆಲಿನ ಅಡುಗೆಯವರು, ಪಾತ್ರೆ ತೊಳೆಯುವವರು, ಎಳೆಗೂಸಿನ ತಾಯಂದಿರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ತೊಳೆಯುವುದನ್ನು ಬಿಡದೆಯೇ ಕೈ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ 26 ವರ್ಷ ದಾದಿಯಾಗಿದ್ದೆ. ಒಂದು ಪಾಳಿಯಲ್ಲಿ ಎಷ್ಟು ಸಲ ಕೈ ತೊಳೆದೆ ಎಂದು ಲೆಕ್ಕವಿಡುವಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಲೆಕ್ಕವನ್ನು ಕೈಯೇ ಇಟ್ಟುಕೊಳ್ಳುತ್ತಿತ್ತು. ಮೊದಲು ಉಂಗುರದ ಅಡಿ ಕೆಂಪಾಯಿತು, ಆಮೇಲೆ ಬೆರಳ ಸಂದುಗಳಲ್ಲಿ ಸಿಪ್ಪೆ ಎದ್ದಿತು, ಕೊನೆಗೆ ಗೆಣ್ಣುಗಳ ಮೇಲೆ ಸಣ್ಣ ಸೀಳುಗಳು ಬಿದ್ದು, ಸಾರಿಗೆ ಹುಣಸೆಹುಳಿ ಕಿವುಚಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯತೊಡಗಿತು. ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಒಂದರ ಹಿಂದೊಂದು ಮುಲಾಮು ಕೊಂಡೆ, ತೊಳೆಯುವ ರೀತಿಯನ್ನು ಮಾತ್ರ ಇದ್ದಂತೆಯೇ ಬಿಟ್ಟೆ. ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತಾಯಿತು.

ತೂತು ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳಿಂದಾದದ್ದು. ಆ ಕೋಶಗಳನ್ನು ಇಟ್ಟಿಗೆಗಳೆಂದುಕೊಂಡರೆ ಅವುಗಳ ನಡುವಿನ ಗಾರೆ ಒಂದು ಬಗೆಯ ಜಿಡ್ಡು. ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ಸೇರಿ ಆದ ಈ ಜಿಡ್ಡೇ ಒಳಗಿನ ತೇವವನ್ನು ಹೊರಗೆ ಬಿಡದೆ, ಹೊರಗಿನ ಕ್ಷಾರ, ಖಾರಗಳನ್ನು ಒಳಗೆ ಬಿಡದೆ ಕಾಯುತ್ತದೆ. ಸಾಬೂನಿಗೆ ಎಣ್ಣೆಪಾತ್ರೆಯ ಜಿಡ್ಡಿಗೂ ಚರ್ಮದ ಜಿಡ್ಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಇದರ ಮೇಲೆ, ಚರ್ಮದ ಮೇಲ್ಮೈ ಸ್ವಭಾವತಃ ತುಸು ಆಮ್ಲೀಯವಾಗಿದ್ದು ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5ರ ಆಸುಪಾಸಿನಲ್ಲಿರುತ್ತದೆ, ಸಾಮಾನ್ಯ ಬಿಲ್ಲೆ ಸಾಬೂನಿನದು 9ರಿಂದ 10, ಅಂದರೆ ಕ್ಷಾರ. ಅಂಗೈಯಲ್ಲಿ ಬೆವರಿನ ಗ್ರಂಥಿಗಳು ಬೇಕಾದಷ್ಟಿದ್ದರೂ ಎಣ್ಣೆ ಸ್ರವಿಸುವ ಗ್ರಂಥಿಗಳೇ ಇಲ್ಲ, ಕೈಯ ಹಿಂಬದಿಯ ಚರ್ಮವಂತೂ ಬಹಳ ತೆಳು. ಮುಖದಂತೆ ಕೈಗೆ ತನ್ನ ಎಣ್ಣೆಯನ್ನು ತಾನೇ ಬೇಗ ತುಂಬಿಕೊಳ್ಳುವ ಅನುಕೂಲವಿಲ್ಲ. ನೀರೊಂದೇ ಆದರೂ ಹೆಚ್ಚು ಹೊತ್ತು ನೆನೆದರೆ ಆ ಪದರವನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ದಿನಕ್ಕೆ ಒಟ್ಟು 2 ಗಂಟೆಗಿಂತ ಹೆಚ್ಚು ಕೈ ನೀರಿನಲ್ಲಿರುವುದನ್ನು ಅಥವಾ 20ಕ್ಕಿಂತ ಹೆಚ್ಚು ಸಲ ತೊಳೆಯುವುದನ್ನು ಔದ್ಯೋಗಿಕ ಆರೋಗ್ಯದವರು ‘ಒದ್ದೆ ಕೆಲಸ’ವೆಂದು ಗುರುತಿಸಿ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಎಷ್ಟೋ ಗೃಹಿಣಿಯರು ಈ ಗೆರೆಯನ್ನು ಬೆಳಗಿನ ತಿಂಡಿಯ ಪಾತ್ರೆ ಮುಗಿಯುವ ಹೊತ್ತಿಗೇ ಅರ್ಧ ದಾಟಿರುತ್ತಾರೆ. ಚಿಕ್ಕಂದಿನಲ್ಲಿ ಇಸುಬು ಇದ್ದವರು, ಮನೆತನದಲ್ಲಿ ಉಬ್ಬಸ ಇರುವವರು ಉಳಿದವರಿಗಿಂತ ಬೇಗ ತೊಂದರೆಗೆ ಸಿಲುಕುತ್ತಾರೆ.

ಆದ್ದರಿಂದ ಮೊದಲು ಬದಲಿಸಬೇಕಾದದ್ದು ತೊಳೆಯುವ ಕ್ರಮ. ಗೀಸರಿನ ಬಿಸಿನೀರು ಹಿತವೆನಿಸಿದರೂ ಅದು ಜಿಡ್ಡನ್ನು ಬೇಗ ಕರಗಿಸುತ್ತದೆ. ಕೊಳೆ ಹೋಗಿಸುವುದಕ್ಕೆ ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು ಸಾಕು. ಸಾಬೂನು ಹಚ್ಚುವ ಮೊದಲು ಕೈಯನ್ನು ಪೂರ್ತಿ ಒದ್ದೆ ಮಾಡಿಕೊಳ್ಳಬೇಕು, ಒಣ ಕೈಗೆ ನೇರವಾಗಿ ಸುರಿದುಕೊಂಡ ದ್ರವ ಸಾಬೂನು ಬಿದ್ದ ಜಾಗದಲ್ಲೇ ಗಾಢವಾಗಿ ಕೂತು ಚರ್ಮವನ್ನು ಕೆರಳಿಸುತ್ತದೆ. ಉಂಗುರವನ್ನು ತೆಗೆದಿಡಬೇಕು. ಮದುವೆಯ ಉಂಗುರ ತೆಗೆಯಬಾರದು ಎನ್ನುವ ಹಿರಿಯರಿದ್ದರೆ ಅದನ್ನು ಸರಕ್ಕೆ ಪೋಣಿಸಿಕೊಂಡರಾಯಿತು, ನಾನು ಹಾಗೆಯೇ ಮಾಡಿದೆ. ಉಂಗುರದ ಅಡಿ ಸಿಕ್ಕಿಕೊಳ್ಳುವ ಸಾಬೂನು ದಿನವಿಡೀ ಅಲ್ಲೇ ಇರುವುದರಿಂದ ಅನೇಕರಿಗೆ ಹುಣ್ಣು ಅಲ್ಲಿಂದಲೇ ಶುರುವಾಗುತ್ತದೆ. 20 ಸೆಕೆಂಡು ಉಜ್ಜಿದ ಮೇಲೆ ಸಾಬೂನಿನ ಜಾರುತನ ಪೂರ್ತಿ ಹೋಗುವವರೆಗೆ, ಮುಖ್ಯವಾಗಿ ಬೆರಳ ಸಂದುಗಳಲ್ಲಿ, ನೀರು ಹಾಯಿಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆಯಬೇಕು. ಸೀರೆಯ ಸೆರಗಿಗೆ ಬರಬರನೆ ಉಜ್ಜಿಕೊಳ್ಳುವ ನಮ್ಮ ಅಭ್ಯಾಸ ಒಡೆದ ಚರ್ಮಕ್ಕೆ ಒಳ್ಳೆಯದಲ್ಲ.

ಸಾಬೂನಿನ ಆಯ್ಕೆಯಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಹೊದಿಕೆಯ ಮೇಲೆ ಟಿಎಫ್‌ಎಂ 76 ಎಂದು ಇದ್ದರೆ ಅದು ಚರ್ಮಕ್ಕೆ ಮೃದು ಎಂದು ಹಲವರು ನಂಬುತ್ತಾರೆ. ಆ ಅಂಕಿ ಸಾಬೂನಿನಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ, 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆ. ಕಲಬೆರಕೆ ಕಡಿಮೆ ಎಂಬ ಅರ್ಥದಲ್ಲಿ ಅದು ಒಳ್ಳೆಯ ಸಾಬೂನೇ, ಆದರೆ ಅದೂ ಕ್ಷಾರವೇ. ಕೈ ಒಡೆದಿರುವಾಗ ಬೇಕಾದದ್ದು ಸಿಂಡೆಟ್ ಎಂದು ಕರೆಯುವ, ಚರ್ಮದ ಪಿಎಚ್‌ಗೆ ಹತ್ತಿರವಾಗಿ ತಯಾರಿಸಿದ ಬಿಲ್ಲೆ ಅಥವಾ ವಾಸನೆಯಿಲ್ಲದ ಸೌಮ್ಯ ದ್ರವ. ಮೆಡಿಕಲ್ ಅಂಗಡಿಯಲ್ಲಿ ‘ಸಿಂಡೆಟ್ ಬಾರ್’ ಎಂದು ಕೇಳಿದರೆ ಕೊಡುತ್ತಾರೆ. ಬೆಲೆ ಹೆಚ್ಚೆನಿಸಿದರೆ ಸ್ನಾನಕ್ಕೆ ಹಳೆಯ ಸಾಬೂನನ್ನೇ ಉಳಿಸಿಕೊಂಡು, ಇದನ್ನು ಕೈಗೆ ಮಾತ್ರ ಬಳಸಬಹುದು. ರೋಗಾಣುನಾಶಕ ಎಂದು ಬರೆದಿರುವ ಸಾಬೂನಿನಿಂದ ಮನೆಯ ಬಳಕೆಯಲ್ಲಿ ಹೆಚ್ಚಿನ ಲಾಭವೇನೂ ಇಲ್ಲ.

ನೀರಿನ ಬಗ್ಗೆಯೂ ಒಂದು ಮಾತು. ಮುಂಬಯಿ ಮಹಾನಗರಪಾಲಿಕೆಯ ನಲ್ಲಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳ ಮಳೆನೀರು. ಅದು ಮೆದು, ಸ್ವಲ್ಪ ಸಾಬೂನಿಗೇ ನೊರೆ ಬರುತ್ತದೆ. ಬೋರಿನ ನೀರು ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡ ಸೊಸೈಟಿಗಳಲ್ಲಿ ಹಾಗಲ್ಲ. ಗಡಸು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ನಾವು ಸಾಬೂನು ಹೆಚ್ಚು ಹಾಕುತ್ತೇವೆ, ಅದು ನೀರಿನ ಸುಣ್ಣದೊಂದಿಗೆ ಸೇರಿ ಅಂಟು ಅಂಟಾಗಿ ಚರ್ಮದ ಮೇಲೆಯೇ ಉಳಿಯುತ್ತದೆ. ಅಂಥ ಕಡೆ ಕೊನೆಯಲ್ಲಿ ಕುಡಿಯುವ ನೀರಿನ ಒಂದು ಲೋಟದಿಂದ ಕೈ ಜಾಲಿಸಿಕೊಂಡರೂ ವ್ಯತ್ಯಾಸ ತಿಳಿಯುತ್ತದೆ.

ಕೈಗೆ ಕಣ್ಣಿಗೆ ಕಾಣುವ ಕೊಳೆ ಅಂಟಿಲ್ಲದಾಗ, ಉದಾಹರಣೆಗೆ ಲೋಕಲ್ ಗಾಡಿಯಿಂದ ಇಳಿದ ಮೇಲೆ, ಸಾಬೂನಿಗಿಂತ ಸ್ಯಾನಿಟೈಸರೇ ಮೇಲು ಎಂದರೆ ಅನೇಕರು ಹುಬ್ಬೇರಿಸುತ್ತಾರೆ, ಏಕೆಂದರೆ ಒಡೆದ ಕೈಗೆ ಅದು ಚುರ್ರೆನ್ನುತ್ತದೆ. ಉರಿಯುವುದಕ್ಕೂ ಹಾಳಾಗುವುದಕ್ಕೂ ಸಂಬಂಧವಿಲ್ಲ. ಆಲ್ಕೋಹಾಲು ಚರ್ಮದ ಜಿಡ್ಡನ್ನು ಸಾಬೂನಿನಷ್ಟು ಹೊತ್ತೊಯ್ಯುವುದಿಲ್ಲ. ಮೇಲಾಗಿ ಒಳ್ಳೆಯ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿಶ್ರಣದಲ್ಲಿ ಶೇಕಡಾ 80 ಎಥನಾಲ್ ಜೊತೆಗೆ ಶೇಕಡಾ 1.45 ಗ್ಲಿಸರಿನ್ ಇರುವುದು ಕೈಯ ರಕ್ಷಣೆಗೆಂದೇ. ಸೀಳುಗಳು ಮಾಯುವವರೆಗೆ ಉರಿ ತಡೆಯಲಾಗದಿದ್ದರೆ ಸೌಮ್ಯ ಸಾಬೂನಿನಲ್ಲೇ ತೊಳೆದುಕೊಂಡು, ಮಾಯ್ದ ಬಳಿಕ ಇದಕ್ಕೆ ಬದಲಾಗಬಹುದು. ಸಾಬೂನಿನಲ್ಲಿ ತೊಳೆದ ಕೂಡಲೇ ಅದರ ಮೇಲೆ ಸ್ಯಾನಿಟೈಸರನ್ನೂ ಹಚ್ಚುವುದು ಮಾತ್ರ ಎರಡು ಶಿಕ್ಷೆ, ಒಂದೇ ತಪ್ಪಿಗೆ. ಶೌಚದ ನಂತರ, ಊಟಕ್ಕೆ ಮೊದಲು, ಕೈ ಕೊಳೆಯಾದಾಗ ಸಾಬೂನೇ ಬೇಕು. ಗ್ಯಾಸಿನ ಒಲೆಯ ಬಳಿ ಹೋಗುವ ಮೊದಲು ಸ್ಯಾನಿಟೈಸರು ಪೂರ್ತಿ ಆರಿರಬೇಕು.

ಈಗ ಮುಲಾಮಿಗೆ ಬರೋಣ. ಇಲ್ಲಿ ಯಾವುದು ಎಂಬುದಕ್ಕಿಂತ ಯಾವಾಗ, ಎಷ್ಟು ಎಂಬುದು ದೊಡ್ಡದು. ಕೈ ಒರೆಸಿದ ಮೇಲೆ ಚರ್ಮದಲ್ಲಿ ತುಸು ಪಸೆ ಉಳಿದಿರುವ ಎರಡು ಮೂರು ನಿಮಿಷಗಳ ಒಳಗೆ ಹಚ್ಚಿದರೆ ಆ ಪಸೆ ಒಳಗೇ ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಒಣಗಿದ ಹೊಲಕ್ಕೆ ಬೇಲಿ ಕಟ್ಟಿದಂತೆ. ಅಳತೆಯ ವಿಷಯದಲ್ಲಿ ಚರ್ಮವೈದ್ಯರು ಹೇಳುವ ಒಂದು ಸುಲಭ ಲೆಕ್ಕವಿದೆ: ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಎಳೆ ಸುಮಾರು ಅರ್ಧ ಗ್ರಾಂ ತೂಗುತ್ತದೆ, ಅದು ಒಂದು ಕೈಯ ಒಳಹೊರಗಿಗೆ ಸಾಕು. ಎರಡು ಕೈಗೆ 1 ಗ್ರಾಂ. ದಿನಕ್ಕೆ ಆರು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಎಂಟು ದಿನಕ್ಕೆ ಮುಗಿಯಬೇಕು. ‘ನಾನು ಕ್ರೀಮು ಹಚ್ಚುತ್ತಲೇ ಇದ್ದೇನೆ, ಗುಣವಾಗಲಿಲ್ಲ’ ಎನ್ನುವವರನ್ನು ಟ್ಯೂಬು ಕೊಂಡದ್ದು ಯಾವಾಗ ಎಂದು ಕೇಳಿದರೆ ಗಣಪತಿ ಹಬ್ಬಕ್ಕೆ ಎನ್ನುತ್ತಾರೆ, ಆಗ ದೀಪಾವಳಿ ಮುಗಿದಿರುತ್ತದೆ.

ಯಾವುದು ಎಂದರೆ, ನೀರಿನಂತೆ ತೆಳ್ಳಗಿನ ಲೋಷನ್ನಿಗಿಂತ ಕ್ರೀಮು ಮೇಲು, ಕ್ರೀಮಿಗಿಂತ ಗಟ್ಟಿ ಮುಲಾಮು ಮೇಲು. ಸಾಮಾನ್ಯ ಪೆಟ್ರೋಲಿಯಂ ಜೆಲ್ಲಿ ಅಗ್ಗವೂ ಹೌದು, ವಾಸನೆಯಿಲ್ಲದ ಬಿಳಿಯದನ್ನು ಆರಿಸಿಕೊಂಡರೆ ಅಲರ್ಜಿಯ ಭಯವೂ ಬಹಳ ಕಡಿಮೆ. ಅಂಟಂಟಾಗುತ್ತದೆ, ಕಡತ ಹಿಡಿದರೆ ಕಲೆಯಾಗುತ್ತದೆ ಎಂಬ ದೂರು ನ್ಯಾಯವಾದದ್ದೇ, ಆದ್ದರಿಂದ ಹಗಲಿಗೆ ಗ್ಲಿಸರಿನ್ ಅಥವಾ ಸೆರಮೈಡ್ ಇರುವ, ಪರಿಮಳ ಬೆರೆಸದ ಕ್ರೀಮನ್ನೂ ರಾತ್ರಿಗೆ ಜೆಲ್ಲಿಯನ್ನೂ ಇಟ್ಟುಕೊಳ್ಳುವುದು ನಡೆಯುವ ಮಾತು. ಯೂರಿಯಾ ಶೇಕಡಾ 10 ಇರುವ ಕ್ರೀಮು ಒರಟಾಗಿ ದಪ್ಪಗಟ್ಟಿದ ಅಂಗೈಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ತೆರೆದ ಸೀಳಿಗೆ ಉಪ್ಪು ಸವರಿದಂತೆ ಉರಿಯುತ್ತದೆ. ಸೀಳು ಮುಚ್ಚುವವರೆಗೆ ಕಾಯಬೇಕು. ನಮ್ಮ ಕರಾವಳಿಯವರ ತೆಂಗಿನೆಣ್ಣೆಯನ್ನು ನಾನು ತೆಗೆದುಹಾಕುವುದಿಲ್ಲ. ಅದು ಚರ್ಮವನ್ನು ಮೆದುಗೊಳಿಸುತ್ತದೆ, ಅಲ್ಪ ಒಣಗಿದ ಕೈಗೆ ಅದೇ ಸಾಕಾಗಬಹುದು. ಆದರೆ ಜೆಲ್ಲಿಯಷ್ಟು ಬಿಗಿಯಾಗಿ ತೇವ ತಡೆಯುವ ಶಕ್ತಿ ಅದಕ್ಕಿಲ್ಲದ್ದರಿಂದ ಒಡೆದು ರಕ್ತ ಜಿನುಗುವ ಕೈಯನ್ನು ಅದೊಂದರ ಭರವಸೆಯ ಮೇಲೆ ಬಿಡಲಾಗದು. ಸಾಸಿವೆ ಎಣ್ಣೆಯಂತೂ ಬೇಡವೇ ಬೇಡ, ಅದು ಸ್ವತಃ ಚರ್ಮವನ್ನು ಕೆರಳಿಸುತ್ತದೆ.

ರಾತ್ರಿಯ ಉಪಚಾರವೇ ನನ್ನ ಕೈಯನ್ನು ಉಳಿಸಿದ್ದು ಎಂದರೆ ತಪ್ಪಾಗದು. ಮಲಗುವ ಮೊದಲು ಉಗುರುಬೆಚ್ಚನೆಯ ಬರೀ ನೀರಿನಲ್ಲಿ ಐದು ಹತ್ತು ನಿಮಿಷ ಕೈ ಅದ್ದಿಟ್ಟು, ಮೇಲೆ ಮೇಲೆ ಒತ್ತಿ, ಕೂಡಲೇ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಬಳಿದು, ತೆಳುವಾದ ಹತ್ತಿಯ ಕೈಚೀಲ (ಕೈಗವಸು) ತೊಟ್ಟು ಮಲಗಬೇಕು. ನೀರು ಕೈಗೆ ಶತ್ರು ಎಂದವಳು ಈಗ ಅದರಲ್ಲೇ ಅದ್ದಲು ಹೇಳುತ್ತಿದ್ದಾಳಲ್ಲ ಎನ್ನಬೇಡಿ. ಹೀರಿದ ನೀರನ್ನು ಒಣಗಲು ಬಿಡುವುದು ಕೇಡು, ಅದರ ಮೇಲೆ ಜಿಡ್ಡಿನ ಮುಚ್ಚಳ ಹಾಕುವುದು ಉಪಚಾರ. ಫ್ಯಾನಿನ ಕೆಳಗೆ ಕೈಚೀಲ ತೊಟ್ಟು ಮಲಗುವುದು ಮೇ ತಿಂಗಳಲ್ಲಿ ಅಸಾಧ್ಯವಾದರೆ ಒಂದು ಗಂಟೆ ತೊಟ್ಟು ತೆಗೆದರೂ ಆಗುತ್ತದೆ. ಆಳವಾದ ಸೀಳು ಬಿದ್ದಿದ್ದರೆ ಅದರೊಳಗೆ ಜೆಲ್ಲಿ ತುಂಬಿ, ಮೇಲೆ ಅಂಟುಪಟ್ಟಿ ಸುತ್ತಿದರೆ ಬೆರಳು ಮಡಚಿದಾಗಲೆಲ್ಲ ಮತ್ತೆ ಬಿರಿಯುವುದು ನಿಲ್ಲುತ್ತದೆ; ಪಟ್ಟಿ ಒದ್ದೆಯಾದ ತಕ್ಷಣ ಬದಲಿಸಬೇಕು.

ಪಾತ್ರೆ, ಬಟ್ಟೆಯ ಕೆಲಸಕ್ಕೆ ಬರಿಗೈ ಒಡ್ಡುವುದನ್ನು ನಿಲ್ಲಿಸದೆ ಮೇಲಿನದೆಲ್ಲವೂ ವ್ಯರ್ಥ. ಬಟ್ಟೆ ಸಾಬೂನು, ಪಾತ್ರೆಯ ಬಿಲ್ಲೆ, ಸೋಡಾ ಬೆರೆತ ಪುಡಿಗಳು ಕೈಸಾಬೂನಿಗಿಂತ ಉಗ್ರ, ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ಚರ್ಮವನ್ನು ಬೇರೆ ಗೀರುತ್ತದೆ. ನಮ್ಮ ಕಟ್ಟಡದ ಐದಾರು ಮನೆಗಳಲ್ಲಿ ಪಾತ್ರೆ ತೊಳೆಯುವ, ಕಲಬುರಗಿ ಕಡೆಯಿಂದ ಬಂದ ಹೆಂಗಸೊಬ್ಬರು ಒಂದು ದಿನ ಅಂಗೈ ತೋರಿಸಿ, “ಸಾಬೂನು ಮುಟ್ಟಿದ್ರ ಬೆಂಕಿ ಇಟ್ಟಂಗ ಆಗ್ತದ್ರೀ ಅಕ್ಕಾರ” ಎಂದರು. ರಬ್ಬರಿನ ಕೈಚೀಲ ಕೊಟ್ಟೆ, ಎರಡೇ ದಿನಕ್ಕೆ ಬಿಟ್ಟುಬಿಟ್ಟರು. ಒಳಗೆ ಬೆವರಿ ಇನ್ನಷ್ಟು ತುರಿಸಿತಂತೆ. ಅವರ ದೂರು ಸರಿಯೇ ಇತ್ತು. ರಬ್ಬರಿನ ಕೈಚೀಲದೊಳಗೆ ಬೆವರು ನಿಂತರೆ ಅದೂ ಒದ್ದೆ ಕೆಲಸವೇ. ಒಳಗೆ ಹತ್ತಿಯ ಕೈಚೀಲ, ಅದರ ಮೇಲೆ ಮೊಣಕೈಯತ್ತ ಉದ್ದವಿರುವ ರಬ್ಬರಿನದು, 15–20 ನಿಮಿಷಕ್ಕೊಮ್ಮೆ ತೆಗೆದು ಗಾಳಿಗೆ ಒಡ್ಡುವುದು, ಹತ್ತಿಯದು ಒದ್ದೆಯಾದರೆ ಇನ್ನೊಂದು ಜೊತೆ ತೊಡುವುದು, ರಾತ್ರಿ ರಬ್ಬರಿನದನ್ನು ಒಳಹೊರಗು ಮಾಡಿ ಒಣಗಿಸುವುದು, ಇಷ್ಟು ಮಾಡಿದ ಮೇಲೆ ಅವರೇ ಮುಂದಿನ ತಿಂಗಳು ಹೊಸ ಜೋಡಿ ಕೇಳಿ ಪಡೆದರು. ಮನೆಗೆಲಸದವರಿಗೆ ಕೈಚೀಲ ಕೊಡಿಸುವುದು ನಮ್ಮ ಖರ್ಚಿನ ಲೆಕ್ಕದಲ್ಲಿ ಬರಬೇಕು, ಅವರದಲ್ಲ. ತೂತಾದ ಕೈಚೀಲ, ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಸಾಬೂನಿನ ನೀರು ಒಳಗೆ ಸೇರಿ ಗಂಟೆಗಟ್ಟಲೆ ನಿಲ್ಲುತ್ತದೆ.

ಅಡುಗೆಮನೆಯಲ್ಲಿ ಹಸಿಮೆಣಸು ಹೆಚ್ಚುವುದು, ಲಿಂಬೆ ಹಿಂಡುವುದು, ಟೊಮೆಟೊ ಹಿಚುಕುವುದು, ಹಸಿ ಮಾಂಸ, ಮೀನು ತೊಳೆಯುವುದು ಇವಕ್ಕೂ ಬರಿಗೈ ಬೇಡ. ಬೆಳ್ಳುಳ್ಳಿಯದು ಬೇರೆಯೇ ಕಥೆ. ಹಿಂದೆ ಬೆಳ್ಳುಳ್ಳಿ ಮುಟ್ಟದಿದ್ದ ಉಡುಪಿ ಹೋಟೆಲುಗಳಲ್ಲಿ ಎಷ್ಟೋ ಮುಂಬಯಿಗೆ ಬಂದು ಪಾವ್‌ಭಾಜಿ, ಚೈನೀಸು ಎಂದು ಕಿಲೋಗಟ್ಟಲೆ ಸುಲಿಯುತ್ತಿವೆ. ಬಲಗೈಯಲ್ಲಿ ಕತ್ತಿ ಹಿಡಿದು ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಬೆಳ್ಳುಳ್ಳಿ ಹಿಡಿಯುವವರಿಗೆ ಆ ಮೂರು ಬೆರಳುಗಳ ತುದಿ ಮಾತ್ರ ಒಣಗಿ ಬಿರಿದಿದ್ದರೆ, ಅದು ತೊಳೆತದಿಂದ ಬಂದದ್ದಲ್ಲ, ಬೆಳ್ಳುಳ್ಳಿಯ ಅಲರ್ಜಿ ಎಂದು ಶಂಕಿಸಬೇಕು. ತೆಳು ಕೈಚೀಲವನ್ನು ಬೆಳ್ಳುಳ್ಳಿಯ ರಸ ದಾಟಿ ಬರುತ್ತದೆ, ಸುಲಿಯುವ ಕೆಲಸವನ್ನೇ ಬೇರೆಯವರಿಗೆ ವಹಿಸುವುದು ಕ್ಷೇಮ.

ಮನೆಮದ್ದಿನ ಹೆಸರಿನಲ್ಲಿ ಸೀಳಿದ ಕೈಗೆ ಲಿಂಬೆರಸ, ಸಕ್ಕರೆಯ ಉಜ್ಜು, ಅಡುಗೆ ಸೋಡಾ, ಅರಿಶಿನದ ಪುಡಿ ಹಾಕಬಾರದು. ಲಿಂಬೆರಸ ಬಿದ್ದ ಜಾಗಕ್ಕೆ ಬಿಸಿಲು ತಗಲಿದರೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುವುದುಂಟು. ರೋಗಾಣುನಾಶಕ ದ್ರವವನ್ನು ದಿನವೂ ಬೆರೆಸಿ ಕೈ ಅದ್ದುವುದೂ ಅಷ್ಟೇ ಕೇಡು.

ಇವೆಲ್ಲಕ್ಕಿಂತ ನನಗೆ ಭಯ ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ, ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆತ ಟ್ಯೂಬುಗಳದು. ನಾನೇ ಒಮ್ಮೆ ಗಲ್ಲೆಯಲ್ಲಿದ್ದವನ ಮಾತು ಕೇಳಿ ಅಂಥದೊಂದನ್ನು ತಂದೆ. ದಾದಿಯಾಗಿದ್ದೂ ಡಬ್ಬಿಯ ಮೇಲಿನ ಅಕ್ಷರ ಓದಲಿಲ್ಲ. ನಾಲ್ಕು ದಿನಕ್ಕೆ ಕೈ ಹೂವಿನಂತಾಯಿತು, ನಿಲ್ಲಿಸಿದ ವಾರದಲ್ಲಿ ಮೊದಲಿಗಿಂತ ಹೆಚ್ಚಾಗಿ ಒಡೆಯಿತು. ಸ್ಟೀರಾಯ್ಡ್ ಮುಲಾಮಿಗೆ ಇಸುಬಿನ ಚಿಕಿತ್ಸೆಯಲ್ಲಿ ನಿಜವಾದ ಸ್ಥಾನವಿದೆ, ಆದರೆ ಎಷ್ಟು ಬಲದ್ದು, ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸಬೇಕು; ಬೇಕಾಬಿಟ್ಟಿ ಬಳಸಿದರೆ ಚರ್ಮ ತೆಳುವಾಗುತ್ತದೆ, ಗಜಕರ್ಣವಿದ್ದರೆ ಅದು ರೂಪ ಮರೆಸಿಕೊಂಡು ಹಬ್ಬುತ್ತದೆ. ಇದೇ ಕಾರಣಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಗಜಕರ್ಣವನ್ನು ಗುರುತಿಸಲು ಒಂದು ಸುಳಿವು: ತೊಳೆಯುವುದು ಎರಡೂ ಕೈಗಳನ್ನು, ಹಾಗಾಗಿ ತೊಳೆತದ ತೊಂದರೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಒಂದೇ ಅಂಗೈ ಬೂದು ಹಚ್ಚಿದಂತೆ ಒಣಗಿ ಸಿಪ್ಪೆ ಏಳುತ್ತಿದ್ದು, ಪಾದಗಳಲ್ಲೂ ಅಂಥದೇ ಇದ್ದರೆ ಶಿಲೀಂಧ್ರವಿರಬಹುದು. ಉಗುರಿನ ಬುಡ ಊದಿ ನೋಯುತ್ತಿದ್ದರೆ ಉಗುರುಸುತ್ತು. ಕೈ ಸದಾ ಒದ್ದೆಯಿರುವವರಿಗೆ ಅದು ಬಿಡದೆ ಕಾಡುತ್ತದೆ. ಕೀವು, ಹಳದಿ ಹಕ್ಕಳೆ, ಬಿಸಿ, ಮೇಲಕ್ಕೆ ಏರುವ ಕೆಂಪು ಗೆರೆ, ಜ್ವರ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು, ಸಕ್ಕರೆ ಕಾಯಿಲೆಯವರು ಅಷ್ಟರವರೆಗೂ ಕಾಯಬಾರದು. ಸರಿಯಾಗಿ ಎರಡು ಮೂರು ವಾರ ಉಪಚರಿಸಿದರೂ ಗುಣ ಕಾಣದಿದ್ದರೆ ಅಲರ್ಜಿ ಇದೆಯೇ ಎಂದು ನೋಡಲು ಪ್ಯಾಚ್ ಪರೀಕ್ಷೆ ಮಾಡುತ್ತಾರೆ: ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಯ ನಂತರ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ, ಅಷ್ಟು ದಿನ ಬೆನ್ನು ಒದ್ದೆ ಮಾಡುವಂತಿಲ್ಲ. ಖಾಸಗಿಯವರ ಶುಲ್ಕ ಹೊರೆಯೆನಿಸಿದರೆ ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್ಲಿನ ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಚರ್ಮರೋಗದ ಹೊರರೋಗಿ ವಿಭಾಗವಿದೆ; ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಳ್ಳಬೇಕು, ಬಳಸುತ್ತಿರುವ ಸಾಬೂನು, ಕ್ರೀಮು, ಪಾತ್ರೆಯ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ.

ಉರಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಸೀಳು ಮಾಯಲು ಎರಡು ಮೂರು ವಾರ ಬೇಕು. ಮೇಲ್ನೋಟಕ್ಕೆ ಕೈ ಸರಿಹೋದ ಮೇಲೂ ಒಳಗಿನ ಗಾರೆ ಕಟ್ಟಿ ಮುಗಿಯಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ, ಹೆಚ್ಚಿನವರು ಎಡವುವುದು ಈ ಅವಧಿಯಲ್ಲಿ. ಟ್ಯೂಬನ್ನು ಕಪಾಟಿನಲ್ಲಿಟ್ಟರೆ ಅದು ನೆನಪಾಗುವುದು ಕೈ ಮತ್ತೆ ಉರಿದಾಗಲೇ. ಆದ್ದರಿಂದ ಒಂದನ್ನು ಅಡುಗೆಮನೆಯ ನಲ್ಲಿಯ ಪಕ್ಕದಲ್ಲಿ, ಒಂದನ್ನು ಬಚ್ಚಲಿನ ಬೇಸಿನ್ನಿನ ಮೇಲೆ, ಒಂದನ್ನು ಪರ್ಸಿನಲ್ಲಿ ಇಡಿ.